ಡೇರಿ ಪಾಳಿಯಲ್ಲಿ ಗಣಿತ

ಗೋಡೆಯ ತುದಿಗೆ ಆನಿಸಿಟ್ಟ ಏಣಿಯ ಉದ್ದ ಹದಿಮೂರು ಮೀಟರ್, ಅದರ ಬುಡ ಗೋಡೆಯಿಂದ ಐದು ಮೀಟರ್ ದೂರ, ಗೋಡೆ ಎಷ್ಟು ಎತ್ತರ? ಹತ್ತನೆಯ ತರಗತಿಗೆ ಬೋರ್ಡಿನ ಮೇಲೆ ಇಷ್ಟೇ ಬರೆದುಕೊಟ್ಟು ನಾನು ಕಲ್ಲೋಳಿಯಿಂದ ಗೋಕಾಕದ ಬಸ್ ಹಿಡಿದಿದ್ದೆ. ಮರುದಿನ ನೋಡಿದರೆ ಇಡೀ ತರಗತಿಯ ಉತ್ತರ ಸರಿ, ಹನ್ನೆರಡು. ಆದರೆ ಒಬ್ಬರದು ಬಿಟ್ಟು ಎಲ್ಲರ ಏಣಿಯೂ ಮೂರೇ ಮೀಟರ್.

"ಇದು ಏಣಿಯೋ ರಬ್ಬರೋ?" ಎಂದು ಗದರಿದೆ. ಆಗ ಹೊರಬಿತ್ತು. ಸಂಜೆ ಡೇರಿಗೆ ಹಾಲು ಹಾಕಲು ಮಕ್ಕಳೆಲ್ಲ ಪಾಳಿ ಹಚ್ಚಿ ಸಾಲಾಗಿ ನಿಂತಾಗ ಯಾರೋ ಒಬ್ಬರು ತಾವು ಬಿಡಿಸಿದ ಲೆಕ್ಕದ ಫೋಟೋ ತರಗತಿಯ ವಾಟ್ಸಾಪ್ ಗ್ರೂಪಿಗೆ ಬಿಟ್ಟಿದ್ದರು. ಫೋಟೋದಲ್ಲಿ ಅವರ ಹೆಬ್ಬೆರಳು 13ರ ಮೊದಲ ಅಂಕಿಯನ್ನು ಮುಚ್ಚಿತ್ತು. ಉಳಿದವರೆಲ್ಲ ಹಾಲಿನ ಕ್ಯಾನಿನ ಮೇಲೆ ಲೆಕ್ಕದ ವಹಿ ಇಟ್ಟು ಕಂಡದ್ದನ್ನೇ ಇಳಿಸಿದ್ದರು.

ಅದೇ ವಾರ ಆ ತರಗತಿಯ ಒಬ್ಬ ಹುಡುಗಿಯ ಅಪ್ಪ ಶಾಲೆಗೆ ಬಂದರು.

"ಅಕ್ಕೋರ, ಮನ್ಯಾಗ ಬರೇ ಗೇಮ್ ಆಡ್ತಾಳ್ರಿ. ಪ್ರಿಪರೇಟರಿ ಪರೀಕ್ಷಾದಾಗ ಗಣಿತ ಫೇಲ್ ಆದ್ರ ಕಾಲೇಜಿನ ಮಾತ ಬ್ಯಾಡ. ಮನ್ಯಾಗ ಇರ್ಲಿ."

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ತರಗತಿಯಲ್ಲೂ ಹಾಗೆಯೇ, ಬಾಯಿ ಬಿಡುವವಳಲ್ಲ. ಅವಳನ್ನು ಮನೆಯಲ್ಲಿ ಕೂಡಿಸುವ ಮಾತು ನನಗೆ ಸಹಿಸಲಾಗಲಿಲ್ಲ. "ಪರೀಕ್ಷಾ ತನಕ ತಡೀರಿ, ಆಮ್ಯಾಲ ಮಾತಾಡೂಣು" ಎಂದು ಅಪ್ಪನನ್ನು ಕಳಿಸಿ ಅವಳನ್ನು ಕೂರಿಸಿಕೊಂಡೆ. ಆ ಗೇಮಿನಲ್ಲಿ ಏನು ಮಾಡುತ್ತೀ ಎಂದು ಕೇಳಿದೆ.

ಮೊದಲು ಹೆದರಿದಳು. ಆಮೇಲೆ ನೋಡಬೇಕಿತ್ತು. ನಾಲ್ವರ ತಂಡಕ್ಕೆ ಇವಳೇ ಮುಖ್ಯಸ್ಥೆ. "ನೀ ಗೋಡಿ ಹಿಂದ ನಿಂದ್ರು, ನಾ ಎಡಕ್ಕ ಹೊಕ್ಕೇನಿ, ಅಂವ ಹೊರಗ ಬಂದ ಕೂಡ್ಲೆ ಹೊಡಿ" ಎಂದು ಮೊಬೈಲಿನಲ್ಲಿ ಹುಕುಂ ಕೊಡುವುದನ್ನು ಪಟಪಟನೆ ಮಾಡಿ ತೋರಿಸಿದಳು.

"ಇಷ್ಟ ಬಾಯಿ ಐತಿ, ಮತ್ತ ನನ್ನ ಏಣಿ ಯಾಕ ಹತ್ತವಲ್ಲಿ?" ಎಂದೆ. ನಕ್ಕಳು.

ಮರುದಿನದಿಂದ ಗ್ರೂಪಿನಲ್ಲಿ ಫೋಟೋ ಬಂದ್ ಮಾಡಿಸಿದೆ. ಲೆಕ್ಕ ಹೇಗೆ ಮಾಡಿದೆವು ಎಂದು ಪ್ರತಿಯೊಬ್ಬರೂ ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಗ್ರೂಪಿಗೆ ಕಳಿಸಬೇಕು. ಮಕ್ಕಳು ಗೊಣಗಿದರು, ಗೊಣಗಲಿ. ಹುಡುಗಿಯ ಮೊದಲ ಸಂದೇಶ ತಡವರಿಸಿತ್ತು, ಮತ್ತೆ ಹೇಳು ಎಂದು ತಿರುಗಿಸಿದೆ. ಅವಳು ಗೇಮ್ ಬಿಟ್ಟು ಸಾಧ್ವಿಯಾದಳು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಲೆಕ್ಕ ಹೇಳುವಾಗಲೂ ಅದೇ ಹುಕುಂ ಕೊಡುವ ದನಿ ಬರತೊಡಗಿತು. ತಿಳಿಯದವರು ನನ್ನನ್ನು ಬಿಟ್ಟು ಅವಳನ್ನೇ ಕೇಳಲು ಶುರುಮಾಡಿದರು.

ಪರೀಕ್ಷೆ ಮುಗಿದ ಮರುದಿನವೇ ಅಪ್ಪ ಮತ್ತೆ ಬಂದರು. ಪೇಪರು ಇನ್ನೂ ತಿದ್ದಿರಲಿಲ್ಲ. ಜಗಳಕ್ಕೆ ಸಜ್ಜಾಗಿ ಸೆರಗು ಬಿಗಿದೆ.

"ಗಣಿತ ಪರೀಕ್ಷಾದ ಹಿಂದಿನ ಸಂಜಿ ಡೇರಿ ಪಾಳ್ಯಾಗ ನಿಂತಿದ್ನಿರಿ" ಎಂದರು. "ಮುಂದಿನ ಹುಡುಗನ ಮೊಬೈಲಿನ್ಯಾಗ ನಮ್ಮ ಹುಡುಗಿ ದನಿ. ಹಿಂದಿನಾಕಿ ಮೊಬೈಲಿನ್ಯಾಗೂ ಅಕೀದ ದನಿ. ಲೆಕ್ಕ ಹೇಳಿಕೊಡಾಕತ್ತಾಳ್ರಿ. ಎಲ್ಲಾರೂ ಸುಮ್ನ ನಿಂತ ಕೇಳಾಕತ್ತಾರ."

ನಾನು ಬಿಗಿದ ಸೆರಗು ಸಡಿಲಿಸುತ್ತಿದ್ದಂತೆ ಅವರೇ ಕೇಳಿದರು:

"ಗೋಕಾಕ ಕಾಲೇಜಿಗೆ ಹೋಗಾಕ ಬಸ್ ಪಾಸ್ ಎಲ್ಲಿ ಮಾಡ್ಸಬೇಕ್ರಿ, ಅಕ್ಕೋರ?"

"ಮಾರ್ಕ್ಸ್ ಇನ್ನಾ ಬಂದಿಲ್ರಿ" ಎಂದೆ.

"ಅವು ಬಂದಾಗ ಬರ್ಲಿ ಬಿಡ್ರಿ. ಪಾಸ್ ಎಲ್ಲಿ ಮಾಡ್ಸಬೇಕ ಅದನ್ನ ಹೇಳ್ರಿ."