ಚಿಗವ್ವನ ಮೂಗುತಿ

ನಿನ್ನೆ ಬಿದ್ದು ಮೂಗಿಗೆ ಪೆಟ್ಟು ಮಾಡಿಕೊಂಡ ಮೊಮ್ಮಗಳನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ನರ್ಸ್ ಅವಳ ಮೂಗುತಿ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. ಯಾರನ್ನೂ ಕೇಳಲಿಲ್ಲ. ಎಷ್ಟು ಸಲೀಸು!

ಆಗ ಕಂಪ್ಲಿಯಲ್ಲಿ ನಾನಿನ್ನೂ ಲಂಗದ ಹುಡುಗಿ. ಎತ್ತು ಬೆದರಿ, ಕಬ್ಬಿನ ಗಾಣದ ತೊಲೆ ನಮ್ಮ ಕಾಕಾನ ಹೆಂಡತಿ ಚಿಗವ್ವನ ಮುಖಕ್ಕೆ ಬಡಿದಿತ್ತು. ಗಾಡಿ ಹೊಸಪೇಟೆ ಮುಟ್ಟುವಷ್ಟರಲ್ಲಿ ಬಾವು ಮೂಗುತಿಯನ್ನು ಅರ್ಧ ನುಂಗಿತ್ತು.

“ಎಲುಬು ಬರೀ ಬಿರುಕು ಬಿಟ್ಟಿದೆಯೋ, ಪಕ್ಕಕ್ಕೆ ಸರಿದಿದೆಯೋ ಒತ್ತಿ ನೋಡಬೇಕು. ಮೂಗುತಿ ತೆಗೀರಿ” ಎಂದರು ಡಾಕ್ಟರು.

ಕಾಕಾನ ಅವ್ವ, ನಮ್ಮಜ್ಜಿ, ಅಡ್ಡ ಬಂದಳು. “ಗಂಡ ಎದುರಿಗೇ ನಿಂತಾನ್ರಿ. ಅಂವ ಇರೋತನಕ ಅದನ್ನ ತೆಗಿಯಂಗಿಲ್ಲ.”

“ಸರಿದಿದ್ದರೆ ಸೊಟ್ಟಗೇ ಕೂಡಿಕೊಳ್ಳುತ್ತಮ್ಮ.”

ಚಿಗವ್ವ ಕಾಕಾನ ಮುಖ ನೋಡಿದಳು. ಕಾಕಾ ನೆಲ ನೋಡಿದ. ನಾನು ಅವಳ ರಕ್ತದ ಸೆರಗು ಹಿಡಿದು ನಿಂತಿದ್ದೆ. ಹಾಗೇ ಗಾಡಿ ಹತ್ತಿ ಮರಳಿದೆವು.

ಎಲುಬು ಸರಿದಿತ್ತು. ಮೂಗು ಸೊಟ್ಟಗೇ ಕೂಡಿತು. ಆಮೇಲೆ ಚಿಗವ್ವ ಬಾಯಿಂದಲೇ ಉಸಿರಾಡಿದಳು, ಉಣ್ಣುವಾಗಲೂ ಏದುತ್ತಾ.

ಕಾಕಾ ತೀರಿಕೊಂಡ ದಿನ ಅಜ್ಜಿ ತಾನೇ ಆ ಮೂಗುತಿ ತೆಗೆದಳು. ಚಿಗವ್ವ ಮುಖ ಕೊಟ್ಟು ಕೂತಿದ್ದಳು.

“ನಂದು ಕೊಡಜ್ಜಿ” ಎಂದು ಸ್ಕ್ಯಾನಿಂಗ್ ಮುಗಿಸಿ ಹೊರಬಂದ ಮೊಮ್ಮಗಳು ಕೈಚಾಚಿದಳು. ಮುಷ್ಟಿ ಬಿಚ್ಚಲು ನನಗೆ ಹೊತ್ತು ಹಿಡಿಯಿತು.