ಹಿತ್ತಲ ಬಾಗಿಲು ಮತ್ತು ಸೊಸೆಯ ತೇಪೆಗಳು

ಇವತ್ತು ಮುಂಜಾನೆ ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಬಂದೆ. ಗ್ಯಾಸ್ ಹಚ್ಚುವ ಮೊದಲೇ ಕೈ ಹಿತ್ತಲ ಬಾಗಿಲಿನ ಚಿಲಕಕ್ಕೆ ಹೋಯಿತು. ಮುಟ್ಟಿದರೆ ಕಬ್ಬಿಣ ತಣ್ಣಗೆ ಕೊರೆಯಿತು. ನಿಮ್ಮ ಕೈಗೂ ಇಂಥದೊಂದು ಚಟ ಇದ್ದೀತು, ಯಾಕೆಂದು ಕೇಳಿದರೆ ಹೇಳಲು ಬಾರದಂಥದು.

ನನಗಿದು ಅತ್ತೆಯವರಿಂದ ಬಂದದ್ದು. ಮದುವೆಯಾಗಿ ಕೌಜಲಗಿಯಿಂದ ಬೆಲ್ಲದ ಬಾಗೇವಾಡಿಗೆ ಬಂದಾಗ ಅವರು ಹೇಳಿದ ಮೊದಲ ಮಾತೇ, ಒಲೆ ಹೊತ್ತಿಸುವ ಮೊದಲು ಹಿತ್ತಲ ಬಾಗಿಲು ತೆರೆಯಬೇಕು ಅಂತ. “ಯಾಕ್ರಿ ಅತ್ತಿ?” ಅಂದೆ. “ತೆರಿ ಅಂದ್ರ ತೆರಿ. ನಮ್ಮ ಅತ್ತಿನೂ ತೆರೀತಿದ್ರು.” ಆಚಾರವಿರಬೇಕೆಂದು ನಾನೂ ಬಸವಣ್ಣನ ನೆನೆದು ತೆರೆಯುತ್ತ ಬಂದೆ. ಗೋಕಾಕಕ್ಕೆ ಮನೆ ಬದಲಿಸಿದಾಗ ಹಿತ್ತಾಳೆ ಕೊಡಪಾನದ ಜೊತೆ ಇದೂ ಬಂತು.

ನನ್ನ ಸೊಸೆ ಗಿರಿಜಾ, ಮೂಡಲಗಿಯ ಹುಡುಗಿ. ಪುಣೆಯ ಒಂದು ಕಂಪನಿಯ ಕೆಲಸವನ್ನು ಇಲ್ಲೇ ಮನೆಯಲ್ಲಿ ಕೂತು ಮಾಡುತ್ತಾಳೆ. ಕೆಲ ವರ್ಷದ ಹಿಂದೆ, ಮೊಮ್ಮಗಳಿನ್ನೂ ತೊಟ್ಟಿಲಲ್ಲಿದ್ದ ಚಳಿಗಾಲದಲ್ಲಿ, ಕೂಸಿಗೆ ಕೆಮ್ಮು ಹತ್ತಿತು.

“ಅತ್ತಿ, ಗಾಳಿ ಸೀದಾ ತೊಟ್ಟಲಕ್ಕ ಬಡಿಯಾಕತ್ತೈತ್ರಿ. ಆ ಬಾಗಲಾ ಮುಚ್ಚೂಣೇನ್ರಿ?”

“ಮನಿ ಪದ್ಧತಿ ಅದು. ಬಿಡಾಕ ಬರೂದಿಲ್ಲ.”

ಅವಳು ಗಾಳಿ ತಡೆಯಲು ತೊಟ್ಟಿಲ ಸುತ್ತ ನನ್ನದೇ ಹಳೇ ಇಳಕಲ್ ಸೀರೆ ಕಟ್ಟಿದಳು.

ಅದೇ ದಿನಗಳಲ್ಲಿ ಅವಳ ತಲೆಯ ಮೇಲೆ ದೊಡ್ಡ ಹೊರೆ. ಪಂಪಸೆಟ್ ನಡೆಸುವ ಪೆಟ್ಟಿಗೆಗಳನ್ನು ಮಾಡುವ ಕಂಪನಿ ಅದು. ಪೆಟ್ಟಿಗೆಯೊಳಗಿನ ಲೆಕ್ಕಾಚಾರ ಎಲ್ಲಿ ತಪ್ಪುತ್ತದೆಂದು ನಡುವೆ ನಿಲ್ಲಿಸಿ ತೋರಿಸುವ ಸಾಧನಕ್ಕೆ ಡಿಬಗ್ಗರ್ ಅನ್ನುತ್ತಾರಂತೆ. ಹಳೆಯ ಡಿಬಗ್ಗರಿಗೆ ಇವರು ತಮ್ಮ ಪೆಟ್ಟಿಗೆಗೆ ತಕ್ಕಂತೆ ಅಲ್ಲಲ್ಲಿ ತಿದ್ದುಪಡಿ ಬರೆದು ತೇಪೆ ಹಾಕಿಕೊಂಡಿದ್ದರು. ಈಗ ಹೊಸದು ಬಂದಿದೆ, ಆ ತೇಪೆಗಳನ್ನೆಲ್ಲ ಇದಕ್ಕೆ ಕೂಡಿಸಬೇಕು. ಕೂಡಿಸಿದರೆ ಗಿರಿಜಾ ಇಲ್ಲಿಂದಲೇ ಕೆಲಸ ಮುಂದುವರಿಸಬಹುದು, ಇಲ್ಲವಾದರೆ ಕೂಸನ್ನು ಎತ್ತಿಕೊಂಡು ಪುಣೆ ಸೇರಬೇಕು. ಮಗನ ಅಂಗಡಿ ಇಲ್ಲಿ. ನಾನು ದೇವರ ಮುಂದೆ ಒಂದು ದೀಪ ಜಾಸ್ತಿ ಹಚ್ಚಿದೆ.

ಒಂದು ಮಧ್ಯಾಹ್ನ ಅವಳು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ರೊಟ್ಟಿ ಆರಿ ಸೆಟೆದಿತ್ತು.

“ಯಾಕವಾ, ಎಲ್ಲಿ ಸಿಕ್ಕೊಂಡೈತಿ?”

“ಒಂದ ತೇಪಿ ಐತ್ರಿ. ಹಳೇದು ತಪ್ಪು ಒಂದ ಕಡೆ ಇದ್ರ ಇನ್ನೊಂದ ಕಡೆ ತೋರಸ್ತಿತ್ತು, ಅದನ್ನ ತಿದ್ದಾಕ ಹಾಕಿದ್ದು. ಹೊಸಾದು ತಾನ ತಿದ್ಕೊಂಡೈತಿ. ಅದರ ಮ್ಯಾಲ ಇದೂ ತಿದ್ದತೈತಿ, ಮತ್ತ ತಪ್ಪಾಕತ್ತೈತಿ. ಸಾರಿಗೆ ನೀವೊಮ್ಮಿ ನಾನೊಮ್ಮಿ ಉಪ್ಪ ಹಾಕಿದಂಗ.”

“ಹಂಗಾರ ತಗದ ಬಿಡು.”

“ಹೆಂಗ ತಗೀಲ್ರಿ? ಅದು ನಮ್ಮ ಕಂಪನಿ ದೊಡ್ಡ ಸರ್ ಕೈಲೆ ಬರದದ್ದು. ನನಗ ಮನ್ಯಾಗ ಕುಂತ ಮಾಡಾಕ ಬಿಟ್ಟಾವ್ರೂ ಅವ್ರ.”

“ಫೋನ್ ಮಾಡಿ ಹೇಳು. ಹಿರ್ಯಾರಿಗೆ ಬ್ಯಾಸರ ಆಕ್ಕೈತಿ ಅಂತ ಉಪ್ಪ ಹೆಚ್ಚಾದ ಸಾರು ಬಡಸಾಕ ಬರತೈತೇನು?”

ಗಿರಿಜಾ ನನ್ನನ್ನು ನೋಡಿದಳು. ಆಮೇಲೆ ಹಿತ್ತಲ ಬಾಗಿಲನ್ನು ನೋಡಿದಳು. ಅತ್ತೆಯಾದವಳು ಮಾತು ಆಡಿ ಸಿಕ್ಕಿಬೀಳುವುದು ಹೀಗೆಯೇ.

ಅವಳು ತಟ್ಟೆ ಸರಿಸಿ ಫೋನ್ ಹಚ್ಚಿದಳು. ಆ ಸರ್ ನಿಪ್ಪಾಣಿ ಕಡೆಯವರು, ದನಿ ಫೋನಿನ ಹೊರಗೂ ಕೇಳುತ್ತಿತ್ತು. “ಅದನ್ನ ಇನ್ನೂ ಇಟ್ಟೀಯೇನವಾ? ಹಳೇದಕ್ಕ ಕಣ್ಣ ಮಂಜಿದ್ದೂವು, ಅದಕ ಹಾಕಿದ್ದೆ. ಈಗ ಬ್ಯಾಡಂದ್ರ ತಗದ ಒಗಿ. ನಂದೊಂದು ತೇಪಿ ಕಮ್ಮಿ ಆತಲ್ಲ, ಚಲೋ ಆತು.” ಅವರು ನಗುತ್ತಿದ್ದರು.

ಅವಳು ಅದನ್ನು ತೆಗೆದಳು, ಉಳಿದವು ಒಂದೊಂದಾಗಿ ಕೂತವು. ವಾರದೊಳಗೆ ಪುಣೆಯ ಮಾತು ನಿಂತಿತು.

ಆ ಫೋನಿನ ದಿನವೇ ನಾನು ಪಾತ್ರೆ ಬೆಳಗುತ್ತ ಬಾಗೇವಾಡಿಯ ಅಡುಗೆಮನೆಯನ್ನು ನೆನೆದೆ. ಕಿಟಕಿಯೇ ಇಲ್ಲದ ಕೋಣೆ, ಹಸಿ ಹತ್ತಿಕಟ್ಟಿಗೆಯ ಹೊಗೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅತ್ತೆ. ಪಾಪ, ಅವರ ಬಾಗಿಲು ಹೊಗೆ ಹೋಗಲಿಕ್ಕೆ. ಇಲ್ಲಿ ಒಲೆಯ ಎದುರೇ ಅಗಲವಾದ ಕಿಟಕಿ ಇದೆ. ಮರುದಿನ ನಾನು ಬಾಗಿಲು ತೆರೆಯಲಿಲ್ಲ.

“ಮರತ್ರೇನ್ರಿ ಅತ್ತಿ?”

“ಹೊಗಿ ಎಲ್ಲೈತವಾ?”

ಅಷ್ಟಕ್ಕೇ ಅವಳು ಎದ್ದು ಹೋಗಿ ತೊಟ್ಟಿಲಿನ ಸೀರೆ ಬಿಚ್ಚಿದಳು.

ಬಾಗಿಲು ತೆರೆಯುವುದು ನಿಂತರೂ ಕೈ ಮಾತ್ರ ನಿಂತಿಲ್ಲ. ದಿನಾ ಚಿಲಕ ಮುಟ್ಟುತ್ತೇನೆ, ಅತ್ತೆಯವರಿಗೊಂದು ಶರಣು ಅನ್ನುತ್ತೇನೆ. ಇವತ್ತು ಹಿಂದೆ ತಿರುಗಿದರೆ ಮೊಮ್ಮಗಳು ನಿದ್ದೆಗಣ್ಣಲ್ಲಿ ನಿಂತಿದ್ದಾಳೆ. ತುದಿಗಾಲಲ್ಲಿ ಎಟುಕಿಸಿ ಚಿಲಕ ಮುಟ್ಟಿದಳು, ಕೈ ಮುಗಿದಳು.

“ಇದ್ಯಾಕವಾ?”

“ನೀ ಮಾಡ್ತಿಯಲ್ಲ ಆಯಿ. ಯಾಕ?”

ಮಾಡು ಅಂದ್ರ ಮಾಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಚಹಾ ತಡವಾದರೂ ಆಗಲಿ ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನಮ್ಮ ಅತ್ತೆಯ ಕತೆ ಶುರುಮಾಡಿದೆ.