ಧಾಬಳಿ ಹೊದ್ದ ಪುಸ್ತಕಗಳು

ಮೊನ್ನೆ ಟ್ರಂಕಿನ ತಳದಲ್ಲಿದ್ದ ಹಳೆಯ ಧಾಬಳಿಯೊಂದನ್ನು ಬಿಸಿಲಿಗೆ ಹಾಕೋಣವೆಂದು ತೆಗೆದೆ. ಮಳೆಗಾಲದ ತೇವ ಹಿಡಿದಿತ್ತು. ಒದ್ದೆ ಉಣ್ಣೆಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪುಸ್ತಕಗಳ ನೆನಪಾಯಿತು. ಮಡಿಗೆ ಉಡುವ ಬಟ್ಟೆಗೂ ಪುಸ್ತಕಕ್ಕೂ ಎತ್ತಣ ಸಂಬಂಧ, ಅಜ್ಜಿಗೆ ಅರಳುಮರಳು ಎಂದು ಮೊಮ್ಮಕ್ಕಳು ನಕ್ಕರು. ನಗಲಿ ಪಾಪ. ಸಂಬಂಧವಿತ್ತು. ಅದನ್ನು ಹಚ್ಚಿಕೊಟ್ಟವರು ನಮ್ಮ ವಾಚನಾಲಯದ ಕಾಕಾ.

ಸ್ವರಾಜ್ಯ ಇನ್ನೂ ದೂರವಿದ್ದ ಕಾಲ. ಧಾರವಾಡದ ನಮ್ಮ ಓಣಿಯ ತುದಿಗೆ ಒಂದು ವಾಚನಾಲಯವಿತ್ತು. ಹೊರಗಿನ ಕಟ್ಟೆಯ ಮೇಲೆ ವರ್ತಮಾನಪತ್ರಗಳು. ಅವನ್ನು ಯಾವ ಗಂಡಸು ಬೇಕಾದರೂ ಕೂತು ಓದಬಹುದಿತ್ತು. ಪುಸ್ತಕಗಳಿದ್ದ ಒಳಗಿನ ಕೋಣೆಗೆ ಮಾತ್ರ ನಮ್ಮಂಥ ಮನೆಗಳ ಗಂಡಸರಷ್ಟೇ ಹೋಗಬೇಕು. ನೇಕಾರರು, ಬಡಗಿಗಳು ಕಟ್ಟೆಯ ಮೇಲೆ ಪತ್ರಿಕೆ ಮುಗಿಸಿ, ಒಳಗೊಮ್ಮೆ ಇಣುಕಿ ಹೋಗುತ್ತಿದ್ದರು. ಹೆಂಗಸರಿಗೆ ಆ ಕಟ್ಟೆಯೂ ಇಲ್ಲ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಕಾಕಾ. ತಲೆಗೆ ಕೆಂಪು ರುಮಾಲು, ಹಣೆಗೆ ಅಂಗಾರ ಅಕ್ಷತೆ, ಮಾತು ಬಲು ಕಡಿಮೆ. ಸಂಜೆ ಮನೆಗೆ ಹೋದವರೇ ಝಳಕ ಮಾಡದೆ ನೀರು ಕೂಡ ಕುಡಿಯುತ್ತಿರಲಿಲ್ಲವಂತೆ.

ನಮ್ಮ ಮನೆಯಲ್ಲಿ ಅಪ್ಪನ ತಂಗಿ, ನನ್ನ ಸೋದರತ್ತೆ, ಇದ್ದಳು. ಎಳೆತನದಲ್ಲೇ ಗಂಡ ತೀರಿಹೋಗಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಕೂರಿಸಿದ್ದರು. ಅಡುಗೆಮನೆ, ದೇವರಮನೆ, ಹಿತ್ತಲು... ಅವಳ ಊರೆಂದರೆ ಅಷ್ಟೇ. ಅಪ್ಪ ಅವಳಿಗೆ ಅಕ್ಷರ ಕಲಿಸಿದ್ದರು. ಕಲಿಸಿ ಕೈಬಿಟ್ಟರೆ ಹಸಿವು ಸುಮ್ಮನಿರುತ್ತದೆಯೇ? ಕಿರಾಣಿ ಅಂಗಡಿಯಿಂದ ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡಿಸಿ ಓದುವಳು.

ಇದು ಕಾಕಾನ ಕಿವಿಗೆ ಹೇಗೆ ಬಿತ್ತೋ ಕಾಣೆ, ಒಂದು ಸಂಜೆ ಕೈಚೀಲದಲ್ಲಿ ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದರು. ಆದರೆ ಮಡಿ? ಹತ್ತು ಮಂದಿ ಮುಟ್ಟಿದ ಪುಸ್ತಕ, ಮೇಲಾಗಿ ಅದರ ಬೆನ್ನಿಗೆ ಕುದಿಸಿದ ಹಿಟ್ಟಿನ ಅಂಟು. ಬೇಯಿಸಿದ ಹಿಟ್ಟೆಂದರೆ ಅನ್ನದಷ್ಟೇ ಮುಸುರೆ. ದಿನವಿಡೀ ಮಡಿಯಲ್ಲಿರುವ ಅತ್ತೆ ಅದನ್ನು ಮುಟ್ಟುವ ಹಾಗಿಲ್ಲ. ಕಾಕಾ ಇದನ್ನೂ ಯೋಚಿಸಿಕೊಂಡೇ ಬಂದಿದ್ದರು. ಉಣ್ಣೆಗೆ ಮೈಲಿಗೆಯಿಲ್ಲ ಎನ್ನುವುದು ನಮ್ಮವರ ಶಾಸ್ತ್ರ. ತಮ್ಮದೇ ಹಳೆಯ ಧಾಬಳಿ ಕತ್ತರಿಸಿ, ಪುಸ್ತಕಕ್ಕೆ ಅಳತೆಯ ಅಂಗಿ ಹೊಲಿದು ತೊಡಿಸಿದ್ದರು.

“ನಿಮ್ಮ ಅತ್ತೀಗೆ ಕೊಡು ತಂಗಿ. ಹಾಳಿ ಮಡಚಬ್ಯಾಡಂತ ಹೇಳು,” ಎಂದರು ನನಗೆ. ಅತ್ತೆ ಅಲ್ಲೇ ಕದದ ಮರೆಗಿದ್ದರೂ ಅವಳೊಡನೆ ನೇರ ಮಾತಿಲ್ಲ.

“ಮ್ಯಾಲ ಉಣ್ಣಿ ಆತು. ಒಳಗಿನ ಹಾಳಿ ಹೆಂಗರಿ ಕಾಕಾ?” ಎಂದೆ. ನನಗಾಗ ಹದಿನೈದೋ ಹದಿನಾರೋ. ಶಾಲೆ ಬಿಡಿಸಿದ್ದರು, ನಾಲಿಗೆ ಬಿಡಿಸಿರಲಿಲ್ಲ.

“ಅಕ್ಷರಕ್ಕ ಎಲ್ಲೀ ಮೈಲಿಗಿ?”

“ಮತ್ತ ನೀವ್ಯಾಕ ದಿನಾ ಸಂಜೀಗೆ ಝಳಕಾ ಮಾಡ್ತೀರಿ?”

“ಧೂಳ ಇರ್ತದ,” ಎಂದು ಹೊರಟೇಬಿಟ್ಟರು. ಆ ಮನುಷ್ಯನ ತಳ ನನಗೆ ಅಂದೂ ಸಿಗಲಿಲ್ಲ, ಇಂದೂ ಸಿಕ್ಕಿಲ್ಲ.

ಹೀಗೆ ವರ್ಷಗಟ್ಟಲೆ ನಡೆಯಿತು. ಪುರಾಣ, ಸಂತರ ಚರಿತ್ರೆ, ನಡುನಡುವೆ ಒಂದು ಕಾದಂಬರಿ. ಪುಸ್ತಕ ಬಂದ ದಿನ ಅತ್ತೆ ಒಲೆಯ ಮುಂದೆ ಗುನುಗುವಳು. ನಮ್ಮಂಥ ಇನ್ನೂ ಕೆಲವು ಮನೆಗಳಿಗೆ ಕಾಕಾನ ಚೀಲ ಹೋಗುತ್ತಿತ್ತು.

ಅಪ್ಪ ವಾಚನಾಲಯದ ಕಮಿಟಿಯಲ್ಲಿದ್ದರು. ಖಾದಿ ತೊಟ್ಟ ಮೇಲೆ ಅವರಿಗೆ ಸುಧಾರಣೆಯ ಹುರುಪು. ಯಾವ ಜಾತಿಯವರಾದರೂ ಒಳಗೆ ಬರಬಹುದು, ಬುಧವಾರ ಮಧ್ಯಾಹ್ನ ಬರೀ ಹೆಂಗಸರಿಗೆ ಎಂದು ಠರಾವು ತಂದು ಗೆದ್ದೂಬಿಟ್ಟರು. ಅಂದು ಮನೆಗೆ ಬಂದವರು ಕುಣಿಯಬೇಕು, ಅದು ಬಿಟ್ಟು ಸಿಡಿಮಿಡಿಗುಡುತ್ತಿದ್ದರು.

“ಎಲ್ಲಾರೂ ಹೂಂ ಅಂದ್ರು. ಆ ಕಾಕಾ ಒಬ್ಬನೇ ಬ್ಯಾಡ ಅಂದಾ. ಯಾಕ್ರೀ ಅಂದ್ರ ಬಾಯೇ ಬಿಡಲಿಲ್ಲ. ಹಳೇ ಕಂದಾಚಾರದ ಮನಷ್ಯಾ!”

ನಾನು ಪೆಚ್ಚಾದೆ. ಧಾಬಳಿ ಕತ್ತರಿಸಿ ಪುಸ್ತಕ ತಂದವರು, ನಮಗೆ ಬಾಗಿಲು ತೆಗೆಯಬೇಡಿ ಎಂದರೇ? ಆಮೇಲೆ ಕೇಳಿದ್ದು ಇನ್ನೂ ವಿಚಿತ್ರ. ಠರಾವಾದ ಮರುದಿನ ಒಬ್ಬ ಮುಸಲ್ಮಾನ ಬಡಗಿ ಅಂಜುತ್ತ ಒಳಗೆ ಬಂದನಂತೆ. ಅಲ್ಲಿನ ಕುರ್ಚಿಗಳನ್ನೆಲ್ಲ ಮಾಡಿದವನೇ ಅವನು, ಕೂತದ್ದು ಅದೇ ಮೊದಲು. ಕಾಕಾ ತಾವೇ ಎದ್ದು ಹೋಗಿ, ಕೈಗೆ ಕೈ ತಗಲುವಂತೆ ಅವನಿಗೆ ಪುಸ್ತಕ ಕೊಟ್ಟರಂತೆ. ಹಾಗಾದರೆ ಬೇಡ ಎಂದದ್ದು ಯಾವುದಕ್ಕೆ?

ಇನ್ನು ಎಲ್ಲರೂ ಬರಬಹುದಾದ್ದರಿಂದ ಮನೆಮನೆಗೆ ಪುಸ್ತಕ ಹೊರುವುದು ಬೇಡ ಎಂದೂ ಕಮಿಟಿ ತೀರ್ಮಾನಿಸಿತು. ಅದೂ ಅಪ್ಪನದೇ ಮಾತು. ಕಾಕಾನ ಚೀಲ ನಿಂತಿತು. ಅತ್ತೆ ಆಗ ಒಂದು ಕಾದಂಬರಿಯ ಮೊದಲ ಭಾಗ ಮುಗಿಸಿದ್ದಳು. ನಾಯಕಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೊಳೆದಂಡೆಗೆ ಬಂದು ನಿಂತಿದ್ದಾಳೆ. ಮುಂದೇನು ಎನ್ನುವುದು ಎರಡನೆಯ ಭಾಗದಲ್ಲಿ. ಅತ್ತೆ ಕೆಲವು ವಾರ ಕಾದಳು. ಆಮೇಲೆ ಅಪ್ಪನನ್ನೇ ಕೇಳಿದಳು.

“ಅಣ್ಣಾ, ಬುಧವಾರ ನಾನೂ ಹೋಗಿ ಬರ್ತೀನಿ.”

ಅಪ್ಪ ತಬ್ಬಿಬ್ಬಾದರು. “ನೀನ? ಹಿಂಗ... ಈ ವೇಷದಾಗ? ಮಂದಿ ಏನಂದಾರು?”

“ಎಲ್ಲಾರಿಗೂ ಬಾಗಲಾ ತಗಸೀನಿ ಅಂದಿ. ಆ ಎಲ್ಲಾರೊಳಗ ನಾ ಬರೂದಿಲ್ಲೇನು?”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಅಪ್ಪ ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು. ಹಾಗೇ ಹೊರಗೆ ಹೋಗಿಬಿಟ್ಟರು.

ಬುಧವಾರ ನಾವಿಬ್ಬರೂ ಹೋದೆವು. ಸೆರಗು ಹಣೆಯ ತನಕ ಎಳೆದುಕೊಂಡು ಅತ್ತೆ ಗೋಡೆಯ ಬದಿಗೇ ನಡೆದಳು. ಕಾಕಾ ಬಾಗಿಲಲ್ಲೇ ಇದ್ದರು. ಅತ್ತೆಯನ್ನು ನೋಡಿದವರೇ ಎದ್ದರು, ಮೆಟ್ಟು ಮೆಟ್ಟಿಕೊಂಡು ರಸ್ತೆಗಿಳಿದರು. ನಾವು ಹೊರಡುವ ತನಕ ಸುಡುಬಿಸಿಲಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದರು.

ಒಳಗೆ ಅತ್ತೆ ಏನೂ ಓದಲಿಲ್ಲ. ನೆಲದಿಂದ ಜಂತಿಯವರೆಗೆ ಪುಸ್ತಕ. ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋಗಿ ಬರಿಗೈಯಲ್ಲಿ ಮುಟ್ಟಿದಳು, ಮುಟ್ಟುತ್ತಲೇ ಹೋದಳು. ಎರಡನೆಯ ಭಾಗ ಕಣ್ಣೆದುರೇ ಇತ್ತು. ತೋರಿಸಿದರೆ ತಲೆ ಅಲ್ಲಾಡಿಸಿದಳು. ಮನೆ ಸೇರಿದ ಮೇಲೆ ಸಿಡಿದಳು.

“ಇಷ್ಟು ಇದ್ದವಲ್ಲಾ! ಒಂದ ಮಾತು ಹೇಳಲಿಲ್ಲ ಅವರು. ಚೀಲದಾಗ ಬಂದಿದ್ದಷ್ಟೇ ಜಗತ್ತು ಅಂತ ತಿಳಕೊಂಡು ಕುಂತಿದ್ದೆ ನಾನು!”

ಅವಳು ಅಷ್ಟು ಸಿಟ್ಟಾದದ್ದನ್ನು ನಾನು ಮೊದಲು ನೋಡಿರಲಿಲ್ಲ. ಕಾಕಾ ಬಿಸಿಲಲ್ಲಿ ನಿಂತದ್ದಕ್ಕೆ ಅಪ್ಪ ಕೊಟ್ಟ ಅರ್ಥ ಬೇರೆ: ತಲೆ ಬೋಳಿಸಿದವಳ ಮುಖ ನೋಡಿದರೆ ಅಪಶಕುನ, ಅದಕ್ಕೇ ಎದ್ದು ಹೋದ. ಅತ್ತೆಗೆ ಸಂಕೋಚವಾಗದಿರಲಿ ಎಂದು ಕೋಣೆ ಬಿಟ್ಟುಕೊಟ್ಟರು ಎಂದು ನನಗನಿಸಿತ್ತು. ಮರುದಿನ ಅಪ್ಪನ ಮಾತೇ ಸರಿಯೆನಿಸಿತು. ಅದರ ಮರುದಿನ ಮತ್ತೆ ನನ್ನದೇ... ಇಷ್ಟು ವರ್ಷವಾದರೂ ನಾನು ಹೀಗೇ ಹೊಯ್ದಾಡುತ್ತಿದ್ದೇನೆ.

ಅತ್ತೆ ಬುಧವಾರ ತಪ್ಪಿಸಲಿಲ್ಲ. ಎರಡನೆಯ ಭಾಗವನ್ನೂ ಓದಿದಳು, ಕಾಕಾ ಎಂದೂ ತಂದುಕೊಡದಿದ್ದವನ್ನೂ ಓದಿದಳು. ಅವಳು ಒಳಗೆ, ಅವರು ಬಿಸಿಲಲ್ಲಿ. ನಮ್ಮಲ್ಲಿಗಂತೂ ಅವರು ಮತ್ತೆ ಬರಲಿಲ್ಲ. ಚೀಲ ಬರುತ್ತಿದ್ದ ಉಳಿದ ಮನೆಗಳ ಹೆಂಗಸರಲ್ಲಿ ಒಬ್ಬಳೂ ಬುಧವಾರ ಕಾಣಿಸಿದ್ದು ನನಗೆ ನೆನಪಿಲ್ಲ. ಯಾರು ಕಳಿಸಬೇಕು?

ಒಂದು ಬುಧವಾರ ಬಾಗಿಲಲ್ಲಿ ಬೇರೆ ಯಾರೋ ಕೂತಿದ್ದರು. ಕಾಕಾ ಹಿಂದಿನ ದಿನವೇ ತೀರಿಕೊಂಡಿದ್ದರು. ಅತ್ತೆ ಹೊಸ್ತಿಲು ದಾಟಲಿಲ್ಲ. ತಿರುಗಿ ಮನೆಗೆ ಬಂದವಳೇ ಹಿತ್ತಲಿಗೆ ಹೋಗಿ, ಬಾವಿಯಿಂದ ಸೇದಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಕೊಡ ಸುರಿದುಕೊಂಡಳು. ನಮ್ಮಲ್ಲಿ ಹಾಗೆ ಮೀಯುವುದು ಸ್ವಂತದವರು ಸತ್ತ ಸುದ್ದಿ ಬಂದಾಗ ಮಾತ್ರ. ಅಪ್ಪ ಗಾಬರಿಯಿಂದ ಓಡಿಬಂದರು.

“ಯಾರು ಹೋದ್ರು?”

“ವಾಚನಾಲಯದವರು.”

“ಅವರು ನಮಗೇನಾಗಬೇಕು?”

ಅತ್ತೆ ನೀರು ಸುರಿಯುವ ಮುಖ ಎತ್ತಿದಳು.

“ಗೊತ್ತಿಲ್ಲಣ್ಣಾ,” ಎಂದು ಇನ್ನೊಂದು ಕೊಡ ಸೇದಿದಳು.

ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಕೇಳೋಣವೆಂದರೆ ಯಾರೂ ಉಳಿದಿಲ್ಲ. ಓಣಿಯ ವಾಚನಾಲಯವೀಗ ದೊಡ್ಡ ಗ್ರಂಥಾಲಯವಾಗಿದೆ, ಯಾರು ಬೇಕಾದರೂ ಬರಬಹುದೆಂದು ಬಾಗಿಲಲ್ಲೇ ಬರೆದಿದ್ದಾರಂತೆ. ನನ್ನ ಮೊಣಕಾಲುಗಳು ಅಷ್ಟು ಮೆಟ್ಟಿಲು ಏರಲಾರವು. ಯಾರಾದರೂ ಒಂದು ಪುಸ್ತಕ ಮನೆಗೆ ತಂದುಕೊಟ್ಟರೆ ಸಾಕು ಎನಿಸುತ್ತದೆ. ತಂದುಕೊಟ್ಟರೆ, ಇದೊಂದನ್ನೇ ಯಾಕೆ ತಂದಿರಿ ಎಂದು ಜಗಳ ತೆಗೆಯುವವಳೂ ನಾನೇ. ಜಗಳಕ್ಕಾದರೂ ಒಬ್ಬರು ಬರಬೇಕಲ್ಲ... ಯಾರೂ ಬರುವುದಿಲ್ಲ.